ನಮ್ಮನೆ ಲಾಯ

ನಮ್ಮನೆಗೆ ಮೊದಲನೇ ಸಲ ಬಂದವರೆಲ್ಲ ಹಾಲಿನಲ್ಲಿರೋ ಷೋಕೇಸ್ ನೋಡಿ ಒಂದೇ ಪ್ರಶ್ನೆ ಕೇಳ್ತಾರೆ: "ಮೊಮ್ಮಕ್ಕಳಿದ್ದಾರಾ?" ಇಲ್ಲ ಅಂದ್ರೆ, "ಹಾಗಾದ್ರೆ ಮಗಳು ಚಿಕ್ಕೋಳಿದ್ದಾಗಿಂದು ಇಟ್ಕೊಂಡಿದ್ದೀರಾ?" ಅಂತಾರೆ. ಅದೂ ಅಲ್ಲ, ಇವೆಲ್ಲ ನಂದೇ, ನಾನೇ ಒಂದೊಂದಾಗಿ ಕೂಡಿಸಿದ್ದು ಅಂದಾಗ ಒಂದು ಥರಾ ನಕ್ಕು ಕಾಫಿ ಲೋಟದ ಕಡೆ ನೋಡ್ತಾರೆ. ಮುಂದೆ ಏನು ಮಾತಾಡ್ಬೇಕೋ ಪಾಪ ಅವರಿಗೆ ತೋಚಲ್ಲ.

ಷೋಕೇಸಿನಲ್ಲಿರೋದು ಕುದುರೆಗಳು. ಬರೀ ಕುದುರೆಗಳು. ಮರದ್ದು, ಮಣ್ಣಿಂದು, ಪ್ಲಾಸ್ಟಿಕ್‌ದು, ಹಿತ್ತಾಳೆದು ಒಂದು. ಒಂದು ಕಾಲಕ್ಕೆ 63 ಇದ್ದವು, ಈಗ 41. ಕಡಿಮೆ ಆಗಿದ್ದು ಯಾಕೆ ಅಂತ ಆಮೇಲೆ ಹೇಳ್ತೀನಿ. ನನ್ನ ವಯಸ್ಸು 54. ಇದರ ಜೊತೆಗೆ ಹತ್ತು ವರ್ಷಕ್ಕೂ ಮೇಲಿಂದ ಕಂಪ್ಯೂಟರಿನಲ್ಲಿ ಕುದುರೆ ಆಟಾನೂ ಆಡ್ತೀನಿ ಅಂದ್ರೆ ನೀವೂ ಲೋಟದ ಕಡೆ ನೋಡ್ತೀರೇನೋ. ಪರವಾಗಿಲ್ಲ, ಓದಿ.

ನನ್ನ ತವರು ಕುಣಿಗಲ್ಲು. ಕುಣಿಗಲ್ ಅಂದ ಕೂಡಲೇ ಎಲ್ಲರೂ ಕೆರೆ ಅಂತಾರೆ. ನಮಗೆ, ಅಲ್ಲೇ ಬೆಳೆದ ಮಕ್ಕಳಿಗೆ, ಕೆರೆಯಷ್ಟೇ ದೊಡ್ಡದು ಕುದುರೆ ಫಾರಂ. ಟಿಪ್ಪು ಕಾಲದಲ್ಲಿ ಸೈನ್ಯಕ್ಕೆ ಕುದುರೆ ಸಾಕಿದ ಜಾಗ ಅದು, ಆಮೇಲೆ ರೇಸಿನ ಕುದುರೆಗಳದ್ದಾಯ್ತು. ಬೇಲಿಯಾಚೆ ಹಸಿರು ಹುಲ್ಲಲ್ಲಿ ತಾಯಿ ಕುದುರೆಗಳು, ಅವುಗಳ ಪಕ್ಕ ಕಾಲೇ ಮೈಗಿಂತ ಉದ್ದ ಇರೋ ಮರಿಗಳು. ಸ್ಕೂಲಿಂದ ಬರ್ತಾ ನಾನು ಆ ಬೇಲಿಗೆ ಮುಖ ಒತ್ತಿಕೊಂಡು ನಿಂತುಬಿಡ್ತಿದ್ದೆ. ಮುಟ್ಟೋಕೆ ಯಾರು ಬಿಡ್ತಾರೆ? ಮನೇಲಿ ಅಮ್ಮ, "ಕುದುರೆ ಕಂಡ್ರೆ ಕಾಲುನೋವು ಅಂತಾರಲ್ಲ, ನಿಂಗೆ ಕುದುರೆ ಕಂಡ್ರೆ ಕಾಲೇ ಬರಲ್ಲ ಕಣೇ" ಅಂತಿದ್ದಳು. ಅಪ್ಪ ಒಂದು ಸಲ ಮೈಸೂರಿಂದ ಬರ್ತಾ ಚನ್ನಪಟ್ಟಣದಲ್ಲಿ ಇಳಿದು ಒಂದು ಮರದ ಕುದುರೆ ತಂದುಕೊಟ್ಟರು. ಕೆಂಪು ಮೈ, ಹಳದಿ ಕಾಲು, ನಾಲ್ಕು ಚಕ್ರ. ಅದೇ ನಂಬರ್ ಒಂದು. ಮದುವೆ ಆಗಿ ಬರುವಾಗ ಟ್ರಂಕಿನಲ್ಲಿ ಸೀರೆಗಳ ಮಧ್ಯೆ ಸುತ್ತಿಕೊಂಡು ತಂದೆ.

ತಂದ ಮೇಲೆ ಗೊತ್ತಾಯ್ತು, ಈ ಮನೇಲಿ ಕುದುರೆ ಹೆಸರು ಎತ್ತೋ ಹಾಗಿಲ್ಲ ಅಂತ.

ನಮ್ಮ ಮಾವನವರು ಬಹಳ ಒಳ್ಳೆಯವರು, ಜೋರಾಗಿ ಒಂದು ಮಾತು ಆಡಿದವರಲ್ಲ. ಆದರೆ ರೇಸಿನ ಹುಚ್ಚಿತ್ತು. ಶನಿವಾರ ಭಾನುವಾರ ಬಂತಂದ್ರೆ ಆ ಪುಸ್ತಕ ಹಿಡ್ಕೊಂಡು ಕೂತುಬಿಡ್ತಿದ್ದರಂತೆ. ಮೊದಲು ಸಂಬಳ ಹೋಯ್ತು, ಆಮೇಲೆ ಅತ್ತೆಯ ಕಾಸಿನ ಸರ, ಕೊನೆಗೆ ಜಯನಗರದಲ್ಲಿ ಕಂತು ಕಟ್ಟಿ ತಗೊಂಡಿದ್ದ ಸೈಟು. ಜಯನಗರದ ಸೈಟು ಅಂದ್ರೆ ಇವತ್ತು ಏನಾಗಿರ್ತಿತ್ತು ಅಂತ ಲೆಕ್ಕ ಹಾಕೋದು ನಮ್ಮ ಮನೆಯಲ್ಲಿ ನಿಷೇಧ. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ತಿರುಗಿ, 2003ರಲ್ಲಿ ನಮ್ಮೆಜಮಾನರು ಸಾಲ ಮಾಡಿ ಹುಳಿಮಾವಿನಲ್ಲಿ ಈ ಮನೆ ಕಟ್ಟಿಸಿದರು. ಆಗ ಬನ್ನೇರುಘಟ್ಟ ರಸ್ತೆ ಇಷ್ಟು ಗಿಜಿಗಿಜಿ ಇರಲಿಲ್ಲ. ಗುಹಾಂತರ ದೇವಸ್ಥಾನಕ್ಕೆ ಹೋಗೋರು, ಕೆರೆ ಏರಿ ಮೇಲೆ ಓಡಾಡೋರು, ಎಲ್ಲ ಗುರುತಿನವರೇ. ಗೃಹಪ್ರವೇಶದ ದಿನ ಅತ್ತೆ ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ: "ಕುದುರೆ ಹಿಂದೆ ಹೋಗಿದ್ದು ಮನೆ. ಮಗ ನಡ್ಕೊಂಡು ಹೋಗಿ ತಂದ."

ಇಂಥ ಅತ್ತೆ ಮುಂದೆ ನಾನು ಕುದುರೆ ತಂದಿಡೋದು ಹೇಗೆ ಹೇಳಿ?

ದಾರಿ ಮಾಡಿಕೊಟ್ಟಿದ್ದು ಗೊಂಬೆ ಹಬ್ಬ. ದಸರಾ ಮೆರವಣಿಗೆ ಇಡಬೇಕಾದರೆ ಆನೆ ಮುಂದೆ ಅಶ್ವದಳ ಬೇಡ್ವಾ? ಪಟ್ಟದ ಆನೆ ಇದ್ದ ಮೇಲೆ ಪಟ್ಟದ ಕುದುರೆ ಇರಲೇಬೇಕು. ಅರಮನೆಯಲ್ಲೇ ಆಯುಧಪೂಜೆ ದಿನ ಆನೆ, ಕುದುರೆ, ಹಸುಗಳಿಗೆ ಪೂಜೆ ಮಾಡ್ತಾರೆ ಅಂದೆ. ಅತ್ತೆ ಅದಕ್ಕೆ ಎದುರಾಡಲಿಲ್ಲ. ಹೀಗೆ ವರ್ಷಕ್ಕೆ ಎರಡು ಮೂರು ಕುದುರೆ ಮೆರವಣಿಗೆ ಹೆಸರಲ್ಲಿ ಒಳಗೆ ಬಂದವು. ಗಾಂಧಿಬಜಾರಿಂದ ಒಂದು, ಜಯನಗರ ನಾಲ್ಕನೇ ಬ್ಲಾಕಿಂದ ಒಂದು, ಕಡ್ಲೆಕಾಯಿ ಪರಿಷೆಯಲ್ಲಿ ಮಣ್ಣಿಂದು ಒಂದು. ಹತ್ತನೇ ದಿನ ರಾಜ ರಾಣಿ, ಶೆಟ್ಟಿ ಶೆಟ್ಟಮ್ಮ ಎಲ್ಲರೂ ಹಳೇ ಪಂಚೆ ಚೂರಿನಲ್ಲಿ ಸುತ್ತಿಕೊಂಡು ಪೆಟ್ಟಿಗೆ ಸೇರ್ತಿದ್ರು. ಕುದುರೆಗಳು ಮಾತ್ರ ಸೇರ್ತಿರಲಿಲ್ಲ. ನವರಾತ್ರಿಲಿ ಒಂಬತ್ತು ದಿನ ನಾವು ಹೆಂಗಸರು ಗೊಂಬೆ ಇಟ್ಟು, ಜೋಡಿಸಿ, ಸೀರೆ ಉಡಿಸಿ, ಮಾತಾಡಿಸಿ ಆಡಿದ್ರೆ ಅದು ಸಂಪ್ರದಾಯ. ಮಾರ್ಗಶಿರದಲ್ಲೂ ಅದನ್ನೇ ಮಾಡಿದ್ರೆ ಹುಚ್ಚು. ಇದು ಯಾವ ನ್ಯಾಯ ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ.

ಕೂಡಿಸ್ತಾ ಹೋದ ಹಾಗೆ ಕಣ್ಣು ತಿದ್ದಿಕೊಳ್ತು. ಚನ್ನಪಟ್ಟಣದ ಕುದುರೆ ನೋಡಿ, ಅದರ ಹೊಟ್ಟೆ, ಕಾಲು, ಕತ್ತು ಎಲ್ಲ ಲಟ್ಟಣಿಗೆ ಥರಾ ದುಂಡಗಿರತ್ತೆ. ಯಾಕೆ ಅಂದ್ರೆ ಆಲೆ ಮರದ ತುಂಡನ್ನ ತಿರುಗಣೆ ಯಂತ್ರಕ್ಕೆ ಸಿಕ್ಕಿಸಿ, ಅದು ಗಿರಗಿರ ತಿರುಗುವಾಗ ಉಳಿ ಹಿಡಿದು ಕಡೀತಾರೆ. ತಿರುಗೋ ವಸ್ತು ದುಂಡಗಾಗದೆ ಇನ್ನೇನಾಗತ್ತೆ? ಬಣ್ಣ ಹಚ್ಚೋದೂ ಕುಂಚದಲ್ಲಲ್ಲ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನ ತಿರುಗೋ ಮರಕ್ಕೆ ಒತ್ತಿ ಹಿಡಿದರೆ ಉಜ್ಜುವ ಬಿಸಿಗೇ ಅರಗು ಕರಗಿ ಮೈಗೆ ಅಂಟತ್ತೆ. ಮೇಲೆ ತಾಳೆಗರಿಯಿಂದ ಉಜ್ಜಿದ್ರೆ ಹೊಳಪು. ಹಳದಿಗೆ ಅರಿಶಿನ, ನೀಲಿಗೆ ನೀಲಿ ಗಿಡ. ಮಗು ಬಾಯಿಗಿಟ್ಟುಕೊಂಡ್ರೂ ಭಯವಿಲ್ಲ ಅಂತ ಹೇಳೋದು ಅದಕ್ಕೇ.

ಕೊಪ್ಪಳದ ಕಿನ್ನಾಳದ ಕುದುರೆ ಬೇರೆಯೇ ಜಾತಿ. ಅಲ್ಲಿಯ ಚಿತ್ರಗಾರರು ಹಗುರ ಮರದ ತುಂಡುಗಳನ್ನ ಜೋಡಿಸಿ, ಸಂದಿಗೆ ಹುಣಸೆ ಬೀಜದ ಅಂಟು ತುಂಬಿ, ಆಮೇಲೆ ಕುಂಚದಲ್ಲಿ ಚಿತ್ರ ಬರೀತಾರೆ. ಅದರ ಜೂಲು, ಜೀನು, ಕಣ್ಣಿನ ರೆಪ್ಪೆ ಎಲ್ಲ ಬರೆದದ್ದು. ಚನ್ನಪಟ್ಟಣದ್ದು ಆಡೋ ಕುದುರೆ, ಕಿನ್ನಾಳದ್ದು ಕೈಮುಗಿಯೋ ಕುದುರೆ. ಎರಡೂ ನಿಜವಾದ ಕುದುರೆ ಥರಾ ಇಲ್ಲ, ಇರೋ ಉದ್ದೇಶವೂ ಅವಕ್ಕಿಲ್ಲ.

ನಿಜವಾದ ಕುದುರೆ ಥರಾ ಇರೋದನ್ನ ಮೊದಲು ಕಂಡಿದ್ದು ಒಂದು ಮಾಲಿನ ಆಟಿಕೆ ಅಂಗಡಿಯಲ್ಲಿ. ಜರ್ಮನಿಯ ಶ್ಲೈಕ್ ಕಂಪನಿಯದು, ಅಂಗೈ ಮೇಲೆ ಕೂರೋ ಅಷ್ಟು ಪುಟ್ಟದು. ಆದರೆ ಮೊಣಕಾಲಿನ ಗಂಟು, ಹೊಟ್ಟೆ ಮೇಲಿನ ನರ, ಮೂಗಿನ ಹೊಳ್ಳೆ ಎಲ್ಲ ಹಾಗ್ಹಾಗೇ. ಒಂದು ಒಳ್ಳೆ ಹತ್ತಿ ಸೀರೆಯ ಬೆಲೆ. ನಾನು ಸೀರೆಗೆ ಕುಚ್ಚು ಹಾಕಿ ಸಂಪಾದಿಸೋಳು, ಆ ತಿಂಗಳ ದುಡ್ಡು ಕೈಲಿತ್ತು. ತಗೊಂಡೆ. ಯಜಮಾನರು ಬಿಲ್ ನೋಡಿ, "ಇಷ್ಟಕ್ಕೆ ಹುಲ್ಲೂ ಕೊಡ್ತಾರಾ?" ಅಂದ್ರು ಅಷ್ಟೇ.

ಆಮೇಲೆ ಓದಿ ತಿಳ್ಕೊಂಡೆ, ಅಮೆರಿಕದಲ್ಲಿ ಇದೊಂದು ದೊಡ್ಡ ಹವ್ಯಾಸವಂತೆ. ಶುರುವಾಗಿದ್ದು ಗಡಿಯಾರದಿಂದ. 1950ರಲ್ಲಿ ಷಿಕಾಗೋದ ಬ್ರೇಯರ್ ಅನ್ನೋ ಪ್ಲಾಸ್ಟಿಕ್ ಕಾರ್ಖಾನೆಗೆ ವುಲ್ವರ್ತ್ ಅಂಗಡಿಯವರು ಒಂದು ಕುದುರೆ ಮಾಡಿಕೊಡಿ ಅಂದ್ರು, ಮೇಜಿನ ಗಡಿಯಾರದ ಪಕ್ಕ ನಿಲ್ಲಿಸೋಕೆ. ಗಿರಾಕಿಗಳು ಗಡಿಯಾರ ಬಿಟ್ಟು ಕುದುರೆ ಮಾತ್ರ ಕೊಡ್ತೀರಾ ಅಂತ ಕೇಳೋಕೆ ಶುರು ಮಾಡಿದ್ರಂತೆ! ಅಲ್ಲಿಂದ ಆ ಕಾರ್ಖಾನೆ ಕುದುರೆಯದೇ ಆಗಿಹೋಯ್ತು. ಅವರ ದೊಡ್ಡ ಗೊಂಬೆಗಳು ನಿಜ ಕುದುರೆಯ ಒಂಬತ್ತರಲ್ಲಿ ಒಂದು ಪಾಲು. 1990ರಿಂದ ಪ್ರತಿವರ್ಷ ಕೆಂಟಕಿಯಲ್ಲಿ ಇದಕ್ಕೇ ಜಾತ್ರೆ ಮಾಡ್ತಾರೆ. ಹೋಗೋರಲ್ಲಿ ಹೆಂಗಸರೇ ಹೆಚ್ಚು, ಮಕ್ಕಳಲ್ಲ, ನನ್ನಂಥ ದೊಡ್ಡ ಹೆಂಗಸರು. ಪುಟ್ಟ ಜೀನು, ಪುಟ್ಟ ಲಗಾಮು ತಾವೇ ಹೊಲೀತಾರೆ. ಹಳೆ ಬಣ್ಣ ಕೆರೆದು ಹೊಸದಾಗಿ ಬಳೀತಾರೆ. ಸ್ಪರ್ಧೆ ಇಟ್ಟು, ಯಾವುದು ನಿಜದ ಕುದುರೆಗೆ ಹತ್ತಿರ ಅಂತ ತೀರ್ಪು ಕೊಡ್ತಾರೆ. ಇದನ್ನ ಓದಿದ ದಿನ ನನಗಾದ ಸಂತೋಷ ಹೇಳೋಕಾಗಲ್ಲ. ಪ್ರಪಂಚದಲ್ಲಿ ನನ್ನ ಓರಗಿತ್ತಿಯರು ಇಷ್ಟು ಜನ ಇದ್ದಾರಾ ಅನ್ನಿಸ್ತು.

ಇನ್ನು ಆಟದ ವಿಷಯ. ಮಗಳು ಕಾಲೇಜಲ್ಲಿದ್ದಾಗ ಸ್ಟಾರ್ ಸ್ಟೇಬಲ್ ಅಂತ ಒಂದು ಆಟ ಹಾಕ್ಕೊಂಡಿದ್ದಳು. ಸ್ವೀಡನ್ ದೇಶದವರದು. ಜೋರ್ವಿಕ್ ಅಂತ ಒಂದು ದ್ವೀಪ, ಅಲ್ಲೊಬ್ಬ ಹುಡುಗಿ, ಅವಳಿಗೊಂದು ಕುದುರೆ. ಕಾಡು, ಕಡಲ ದಂಡೆ, ಹಳ್ಳಿಗಳ ಮಧ್ಯೆ ಸವಾರಿ ಮಾಡ್ಕೊಂಡು ಹೋಗೋದು, ಅವರಿವರ ಕೆಲಸ ಮಾಡಿಕೊಡೋದು, ಗಡಿಯಾರದ ವಿರುದ್ಧ ಓಡಿಸೋದು. ಮಗಳಿಗೆ ಮೂರು ತಿಂಗಳಲ್ಲಿ ಬೇಜಾರಾಯ್ತು. ಮಧ್ಯಾಹ್ನ ಊಟ ಆದ ಮೇಲೆ ಅವಳ ಲ್ಯಾಪ್‌ಟಾಪ್ ಖಾಲಿ ಇರ್ತಿತ್ತು, ನಾನು ಕೂತೆ. ಅವಳು ಕೆಲಸ ಸಿಕ್ಕಿ ಪುಣೆಗೆ ಹೋದಾಗ ಆ ಹಳೇ ಲ್ಯಾಪ್‌ಟಾಪ್ ನನ್ನ ಪಾಲಿಗೆ ಬಂತು.

ಓಡಿಸೋದಕ್ಕಿಂತ ನನಗೆ ಇಷ್ಟವಾಗಿದ್ದು ಲಾಯದ ಕೆಲಸ. ಕುದುರೆಗೆ ನೀರಿಡಬೇಕು, ಮೇವು ಹಾಕಬೇಕು, ಮೈ ಉಜ್ಜಬೇಕು, ಗೊರಸಿನಲ್ಲಿ ಸಿಕ್ಕಿಕೊಂಡ ಮಣ್ಣು ತೆಗೀಬೇಕು. "ದಿನಾ ಮನೇಲಿ ಮಾಡೋದು ಸಾಲದು ಅಂತ ಆಟದಲ್ಲೂ ಅದನ್ನೇ ಮಾಡ್ತೀಯಾ?" ಅಂತ ನಾದಿನಿ ನಕ್ಕಳು. ಮಾಡ್ತೀನಿ ಕಣೇ. ಅಲ್ಲಿ ಉಜ್ಜಿದ ಮೈ ನಾಳೆವರೆಗೂ ಹಾಗೇ ಇರತ್ತೆ, ಅರ್ಧ ಗಂಟೆಗೆ ಮತ್ತೆ ಯಾರೂ ಬಂದು ಲೋಟ ಇಟ್ಟು ಹೋಗಲ್ಲ.

ಆಟದಲ್ಲಿ ಕುದುರೆ ಓಡೋದನ್ನ ನೋಡಿ ನೋಡಿ ಹೆಜ್ಜೆ ಎಣಿಸೋಕೆ ಕಲಿತೆ. ನಡೆಯುವಾಗ ನಾಲ್ಕು ಪೆಟ್ಟು. ಕುಕ್ಕುಲೋಟದಲ್ಲಿ ಎರಡೇ ಪೆಟ್ಟು: ಮುಂದಿನ ಎಡಗಾಲು ಹಿಂದಿನ ಬಲಗಾಲು ಜೊತೆಗೆ. ಸ್ವಲ್ಪ ಜೋರಾದರೆ ಮೂರು, ನಾಗಾಲೋಟಕ್ಕೆ ಮತ್ತೆ ನಾಲ್ಕು. ಹಳೇ ಕಾಲದ ಚಿತ್ರಗಳಲ್ಲಿ ಓಡೋ ಕುದುರೆಯ ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿರುತ್ತಲ್ಲ, ಅದು ತಪ್ಪಂತೆ. 1878ರಲ್ಲಿ ಅಮೆರಿಕದಲ್ಲಿ ಮೈಬ್ರಿಡ್ಜ್ ಅನ್ನೋರು ಸಾಲಾಗಿ ಕ್ಯಾಮೆರಾ ಇಟ್ಟು ಚಿತ್ರ ತೆಗೆದಾಗ ಗೊತ್ತಾಯ್ತು, ನಾಲ್ಕೂ ಕಾಲು ನೆಲ ಬಿಡೋದು ಅವು ಹೊಟ್ಟೆ ಕೆಳಗೆ ಮಡಚಿ ಸೇರಿಕೊಂಡಾಗ ಅಂತ. ಇದು ತಿಳಿದ ಮೇಲೆ ಹಳೇಬೀಡಿಗೆ ಹೋಗಿದ್ದೆ. ಎಲ್ಲರೂ ಶಿಲಾಬಾಲಿಕೆಯರನ್ನ ನೋಡ್ತಿದ್ರೆ ನಾನು ಗೋಡೆಯ ಕೆಳಗಿನ ಕುದುರೆ ಸಾಲಿನ ಮುಂದೆ ಬಗ್ಗಿ ಕಾಲು ಎಣಿಸ್ತಿದ್ದೆ. ಯಜಮಾನರಿಗೆ ನಾಚಿಕೆಯಾಗಿ ಎಳನೀರು ಕುಡಿಯೋಕೆ ಹೊರಗೆ ಹೋದರು.

ಇನ್ನೊಂದು ವಿಷಯ ಕೇಳಿ. ಬಿಳಿ ಕುದುರೆ ಅಂತ ನಾವು ಕರೆಯೋದರಲ್ಲಿ ಬಹಳಷ್ಟು ಹುಟ್ಟುವಾಗ ಬಿಳಿ ಇರಲ್ಲ. ಕಪ್ಪೋ ಕಂದೋ ಆಗಿ ಹುಟ್ಟಿ, ವರ್ಷ ಕಳೆದ ಹಾಗೆ ಕೂದಲು ನರೆದು ಬೆಳ್ಳಗಾಗ್ತವೆ. ನಮ್ಮ ತಲೆ ಥರಾನೇ. ವ್ಯತ್ಯಾಸ ಏನಪ್ಪ ಅಂದ್ರೆ, ಕುದುರೆ ಬೆಳ್ಳಗಾದರೆ ರಾಜರು ಹತ್ತೋಕೆ ಬರ್ತಾರೆ, ನಮಗೆ ಗೋರಂಟಿ ಹಚ್ಚಿಕೋ ಅಂತಾರೆ.

ಈಗ 63 ಯಾಕೆ 41 ಆಯ್ತು ಅಂತ ಹೇಳಬೇಕು. 2019ರ ನವೆಂಬರ್ 24, ಭಾನುವಾರ. ಮಾರನೇ ದಿನ ಕಾರ್ತೀಕದ ಕೊನೇ ಸೋಮವಾರ, ಕಡ್ಲೆಕಾಯಿ ಪರಿಷೆ. ಅಲ್ಲಿ ಮಣ್ಣಿನ ಕುದುರೆ ಇನ್ನೊಂದು ಸಿಕ್ಕತ್ತಾ ಅಂತ ನನ್ನ ಯೋಚನೆ. ಮಧ್ಯಾಹ್ನ ಹುಳಿಮಾವು ಕೆರೆಯ ಏರಿ ಒಡೀತು. ಹುಳಿಮಾವಿನವರಿಗೆ ನಾನು ಹೇಳಬೇಕಾಗಿಲ್ಲ. ದೂರದಲ್ಲಿರೋ ನಮ್ಮ ನೆಂಟರಿಗೆ ಮಾತ್ರ ಹೇಳ್ತೀನಿ: ಮಳೆಯಿಲ್ಲ, ಗುಡುಗಿಲ್ಲ, ಬಿಸಿಲು ಹೊಡೀತಿದೆ, ಬೀದಿ ತುಂಬ ಕಪ್ಪು ನೀರು ಬರ್ತಿದೆ. ಮೊದಲು ಚಪ್ಪಲಿ ತೇಲಿದವು. ಆಮೇಲೆ ಗ್ಯಾಸ್ ಸಿಲಿಂಡರ್ ತೇಲ್ತು. ಅತ್ತೆಯನ್ನ ನಾವಿಬ್ಬರೂ ಕುರ್ಚಿ ಸಮೇತ ಎತ್ತಿ ಮೇಲಿನ ಮಹಡಿಯ ಬಾಡಿಗೆಯವರ ಮನೆಗೆ ಸಾಗಿಸಿದೆವು. ಕೈಗೆ ಸಿಕ್ಕಿದ ಕಾಗದಪತ್ರದ ಚೀಲ, ಲ್ಯಾಪ್‌ಟಾಪ್, ಅತ್ತೆಯ ಮಾತ್ರೆ ಡಬ್ಬಿ ಇಷ್ಟೇ ತಗೊಂಡಿದ್ದು. ಕೆಳಗೆ ನೀರು ಸೊಂಟದ ಮಟ್ಟಕ್ಕೆ ಬಂದಿತ್ತು.

ಎರಡು ದಿನ ಬಿಟ್ಟು ಕೆಸರು ಬಾಚಿದಾಗ ಮಂಚದ ಕೆಳಗಿನ ಗೊಂಬೆ ಟ್ರಂಕು ಸಿಕ್ತು. ತೆಗೆದ್ರೆ ಒಳಗೆ ಹಿಟ್ಟು ಕಲಸಿಟ್ಟ ಹಾಗಿತ್ತು. ಹಸಿ ಮಣ್ಣಿನ ಗೊಂಬೆಗಳು, ಕಾಗದದ ರೊಟ್ಟಿನ ಗೊಂಬೆಗಳು ಎಲ್ಲ ಕರಗಿ ಒಂದಾಗಿದ್ದವು. ಅತ್ತೆಯ ಅಮ್ಮ ಕೊಟ್ಟಿದ್ದ ಶೆಟ್ಟಿ ಶೆಟ್ಟಮ್ಮ ಅದರಲ್ಲೇ ಹೋದರು. ಉಳಿದಿದ್ದು ರಕ್ತಚಂದನದ ಪಟ್ಟದ ಗೊಂಬೆ ಜೋಡಿ. ಷೋಕೇಸಿನ ಕೆಳಗಿನ ಎರಡು ತಟ್ಟೆ ಮುಳುಗಿದ್ದವು. ಮಣ್ಣಿನ ಕುದುರೆಗಳಲ್ಲಿ ಸುಟ್ಟವು ಬಣ್ಣ ಕಳ್ಕೊಂಡು ನಿಂತಿದ್ದವು, ಸುಡದೇ ಇರೋವು ಇರಲಿಲ್ಲ. ಕಿನ್ನಾಳದ್ದು ಉಬ್ಬಿ, ಸಂದಿ ಬಿಟ್ಟು, ಮುಖದ ಚಿತ್ರ ಸಿಪ್ಪೆ ಥರಾ ಎದ್ದು ಬಂದಿತ್ತು. ಅದನ್ನ ನೋಡಿ ನನಗೆ ಅಳು ತಡೆಯೋಕಾಗಲಿಲ್ಲ. ಫ್ರಿಜ್ಜು, ಮಿಕ್ಸಿ, ಹಾಸಿಗೆ ಎಲ್ಲ ಹೋಗಿರೋ ಮನೇಲಿ ಗೊಂಬೆಗೆ ಅಳೋಳನ್ನ ಕಂಡು ಪಕ್ಕದ ಮನೆಯವರಿಗೆ ಏನನ್ನಿಸ್ತೋ. ಪ್ಲಾಸ್ಟಿಕ್ ಕುದುರೆಗಳು ಏನೂ ಆಗಿಲ್ಲ ಅನ್ನೋ ಹಾಗೆ ಕೆಸರಲ್ಲಿ ನಿಂತಿದ್ದವು, ಸೋಪು ಹಾಕಿ ತೊಳೆದ್ರೆ ಹೊಸದು. ಚನ್ನಪಟ್ಟಣದವು ನಡುಮಧ್ಯೆ. ಅರಗು ನೀರಿಗೆ ಕರಗಲ್ಲ, ಆದರೆ ಒಳಗಿನ ಮರ ನೀರು ಕುಡಿದು ಹಿಗ್ಗಿದ ಕಡೆ ಬಿರುಕು ಬಿಟ್ಟಿತ್ತು. ಅಪ್ಪ ಕೊಟ್ಟ ಕೆಂಪು ಕುದುರೆಯ ಎರಡು ಚಕ್ರ ಕಳಚಿಕೊಂಡಿದ್ದವು. ಒಂದು ಚಕ್ರ ನಾಲ್ಕು ಮನೆ ಆಚೆ, ಮೋರಿ ಜಾಲರಿಯಲ್ಲಿ ಸಿಕ್ತು.

ಆಗ ಹುಟ್ಟಿಕೊಂಡಿದ್ದು ದೊಡ್ಡ ಪ್ರಶ್ನೆ. ಆ ನೀರು ಬರೀ ಕೆರೆ ನೀರಲ್ಲ, ಮೋರಿ ನೀರೂ ಸೇರಿತ್ತು. ಅದರಲ್ಲಿ ಬಿದ್ದ ಗೊಂಬೆಗಳನ್ನ ಇನ್ನು ಮೆಟ್ಟಿಲ ಮೇಲೆ ಇಡಬಹುದಾ? ಫೋನಿನಲ್ಲಿ ನೆಂಟರಿಷ್ಟರೆಲ್ಲ ಒಂದೊಂದು ಹೇಳಿದರು. ವಿಸರ್ಜನೆ ಮಾಡಿ ಅಂದರು ಒಬ್ಬರು, ಪಟ್ಟದ ಗೊಂಬೆಗೆ ಮಾತ್ರ ಶುದ್ಧಿ ಸಾಕು ಅಂದರು ಇನ್ನೊಬ್ಬರು. ಅತ್ತೆ ಎಲ್ಲ ಕೇಳಿಸಿಕೊಂಡು ಒಂದು ದಿನ ಸುಮ್ಮನಿದ್ದರು. ಆಮೇಲೆ, "ನಾವೂ ಅದೇ ನೀರಲ್ಲಿ ನಿಂತಿದ್ವಲ್ಲ. ಸ್ನಾನ ಮಾಡಿ ಊಟ ಮಾಡ್ತಿಲ್ವಾ? ಒಡೆದಿದ್ದನ್ನ ಬಿಡಿ. ತೊಳೆಯೋಕೆ ಬರೋದನ್ನ ತೊಳೀರಿ," ಅಂದರು. ಡೆಟಾಲ್ ನೀರಲ್ಲಿ ಬಟ್ಟೆ ಅದ್ದಿ ಒರೆಸಿ, ನೆರಳಲ್ಲಿ ಒಣಗಿಸಿದೆ. ನಿಮ್ಮಲ್ಲಿ ಯಾರಿಗಾದ್ರೂ ಈ ಕಷ್ಟ ಬಂದರೆ ಮರದ್ದನ್ನ ಬಿಸಿಲಿಗಿಡಬೇಡಿ, ಒಂದೇ ದಿನದಲ್ಲಿ ಸೀಳು ಬಿಡತ್ತೆ. ಹದಿನೈದು ದಿನ ನೆರಳೇ ಸರಿ.

ಸುಧಾರಿಸಿಕೊಳ್ಳೋಷ್ಟರಲ್ಲಿ ಕರೋನಾ ಬಂತು. 2020ರ ನವರಾತ್ರಿಗೆ ಕುಂಕುಮಕ್ಕೆ ಯಾರನ್ನ ಕರೆಯೋ ಹಾಗಿತ್ತು? ಗೊಂಬೆಗಳೂ ಇರಲಿಲ್ಲ. ಪಟ್ಟದ ಗೊಂಬೆ ಜೋಡಿ ಮೇಲಿಟ್ಟು, ಖಾಲಿ ಮೆಟ್ಟಿಲು ನೋಡೋಕಾಗದೆ ಕುದುರೆಗಳನ್ನ ಸಾಲಾಗಿ ನಿಲ್ಲಿಸಿದೆ. ಐದು ಮೆಟ್ಟಿಲ ತುಂಬ ಕುದುರೆಗಳು! ಅತ್ತೆ ಏನಂತಾರೋ ಅಂತ ಎದೆ ಡವಡವ. ಅವರು ಆರತಿ ತಟ್ಟೆ ಹಿಡಿದು ನಿಂತು ಕಣ್ಣು ಕಿರಿದು ಮಾಡಿ ನೋಡಿ, ಮೂರನೇ ಮೆಟ್ಟಿಲಿನ ಕಂದು ಬಣ್ಣದ್ದನ್ನ ತೋರಿಸಿ, "ಇದಕ್ಕೆ ಸುಳಿ ಎಲ್ಲಿದೆ?" ಅಂದರು.

ನಾನು ಬೆಪ್ಪಾದೆ. ಕುದುರೆ ಸುಳಿ ವಿಷಯ ಇವರಿಗೆ ಹೇಗೆ ಗೊತ್ತು?

ಆವತ್ತು ಹೊರಬಿತ್ತು ನೋಡಿ ಕಥೆ. ಇಪ್ಪತ್ತೆಂಟು ವರ್ಷ ಒಂದೇ ಮನೇಲಿದ್ದು ನನಗೆ ತಿಳಿಯದೇ ಇದ್ದದ್ದು. ಅತ್ತೆಯ ತವರು ಮಾಗಡಿ ಕಡೆ. ಅವರಪ್ಪ ಶಾನುಭೋಗರು. ಸುತ್ತಿನ ಹಳ್ಳಿಗಳಿಗೆ ಲೆಕ್ಕ ನೋಡೋಕೆ ಹೋಗಬೇಕಲ್ಲ, ಒಂದು ತಟ್ಟು ಇಟ್ಕೊಂಡಿದ್ದರಂತೆ. ಗಿಡ್ಡ ಕಾಲು, ದಪ್ಪ ಹೊಟ್ಟೆ, ಹಣೆ ಮೇಲೆ ಒಂದು ಸುಳಿ. ಕೊಳ್ಳೋಕೆ ಮುಂಚೆ ಮೂರು ಜನ ಬಂದು ಸುಳಿ ನೋಡಿ ಒಪ್ಪಿದ ಮೇಲೇ ದುಡ್ಡು ಎಣಿಸಿದ್ದಂತೆ. ಹುರುಳಿ ಬೇಯಿಸಿ ಹಾಕೋದು ಹೆಣ್ಣುಮಕ್ಕಳ ಕೆಲಸ. ಬೆಂದ ಹುರುಳಿ ಕುದುರೆಗೆ, ಬಸಿದ ಕಟ್ಟು ಮನೆಯವರ ಸಾರಿಗೆ. "ನಮಗೂ ಅದಕ್ಕೂ ಒಂದೇ ಪಾತ್ರೇಲಿ ಅಡುಗೆ," ಅಂದು ನಕ್ಕರು. ಕುದುರೆ ಅನ್ನೋ ಮಾತಿಗೆ ಅವರು ನಕ್ಕಿದ್ದು ನಾನು ಕಂಡಿದ್ದು ಅದೇ ಮೊದಲು.

ಅಲ್ಲಿಂದ ಶುರುವಾಯ್ತು. ಮಧ್ಯಾಹ್ನ ನಾನು ಲ್ಯಾಪ್‌ಟಾಪ್ ತೆಗೆದ್ರೆ ಪಕ್ಕದಲ್ಲಿ ಅವರ ಕುರ್ಚಿ. ಆಟದಲ್ಲಿ ಕುದುರೆ ಹೆಸರನ್ನ ಅವರು ಕೊಟ್ಟ ಪಟ್ಟಿಯಿಂದಲೇ ಆರಿಸಬೇಕು, ನಮ್ಮ ಹೆಸರು ಇಡೋ ಹಾಗಿಲ್ಲ. ಇಂಗ್ಲಿಷ್ ಹೆಸರು ಅತ್ತೆ ಬಾಯಿಗೆ ಬರಲ್ಲ, ಅವರು ಗೌರಿ ಅಂತ ಕರೆದರು, ಈಗ ನಮಗೆಲ್ಲ ಅದು ಗೌರಿಯೇ. "ನೀರು ಕುಡಿಸಿದ್ಯಾ? ಮೊದಲು ನೀರು ಕೊಡು, ಆಮೇಲೆ ಮೇವು. ಓಡಿಸಿ ಬಂದ ಕೂಡಲೇ ಕೊಡಬೇಡ, ಬೆವರು ಆರಲಿ." ಆಟದಲ್ಲಿ ಬೆವರು ಆರೋದು ಇಲ್ಲ ಅತ್ತೆ ಅಂದ್ರೆ, "ಹಾಗಾದ್ರೆ ಮಾಡಿದೋರಿಗೆ ಕುದುರೆ ಗೊತ್ತಿಲ್ಲ," ಅಂದುಬಿಟ್ಟರು. ಹುರುಳಿ ಇಲ್ಲ, ಕುದುರೆ ಮಸಾಲೆ ಸೊಪ್ಪು ಇಲ್ಲ, ಬರೀ ಕ್ಯಾರೆಟ್ಟು ಸೇಬು ತೋರಿಸ್ತಾರೆ ಅಂತ ಅವರಿಗೆ ಇವತ್ತಿಗೂ ಅಸಮಾಧಾನ.

ಒಂದೇ ಒಂದು ಸಲ ಮುಖ ಕಪ್ಪಿಟ್ಟಿತ್ತು. ಆ ಆಟ ಮೊದಲ ಕೆಲವು ಹಂತ ಬಿಟ್ಟಿ, ಆಮೇಲೆ ಚಂದಾ ಕಟ್ಟಬೇಕು. ನಾನು ಮೊದಲಿಂದಲೂ ಕುಚ್ಚಿನ ದುಡ್ಡಲ್ಲಿ ಕಟ್ಟಿಕೊಂಡು ಬಂದಿದ್ದೆ. ಆವತ್ತು ಮಗಳ ಜೊತೆ ಫೋನಿನಲ್ಲಿ, "ಕುದುರೆಗೆ ದುಡ್ಡು ಕಟ್ಟಬೇಕಲ್ಲ ಕಣೇ, ಈ ತಿಂಗಳು," ಅಂದೆ. ಅತ್ತೆ ಕೇಳಿಸಿಕೊಂಡರು. ಕುದುರೆಗೆ ದುಡ್ಡು ಕಟ್ಟೋದು. ಮಾವನವರೂ ಇದೇ ಮಾತು ಆಡಿ ಮನೆಯಿಂದ ಹೊರಡ್ತಿದ್ದಿದ್ದು. ಕುರ್ಚಿಯಿಂದ ಎದ್ದು ಒಳಗೆ ಹೋಗಿ ಬಾಗಿಲು ಹಾಕ್ಕೊಂಡರು. ಸಂಜೆವರೆಗೂ ಬರಲಿಲ್ಲ.

ರಾತ್ರಿ ಅವರ ಮಂಚದ ಮೇಲೆ ಕೂತು ಲೆಕ್ಕದ ಪುಸ್ತಕ ತೆಗೆದು ತೋರಿಸಿದೆ. ಇಷ್ಟು ಸೀರೆ, ಇಷ್ಟು ಕುಚ್ಚು, ಬಂದದ್ದು ಇಷ್ಟು, ಕುದುರೆಗೆ ಹೋಗಿದ್ದು ಇಷ್ಟು. ಇದರಲ್ಲಿ ಗೆದ್ದರೆ ದುಡ್ಡು ವಾಪಸ್ ಬರಲ್ಲ, ಸೋತರೂ ಹೆಚ್ಚಿಗೆ ಹೋಗಲ್ಲ, ನೀವು ಓದೋ ವಾರಪತ್ರಿಕೆಗೆ ಕಟ್ಟೋ ಹಾಗೆ, ಅಂದೆ. ಅವರು ಕನ್ನಡಕ ಹಾಕ್ಕೊಂಡು ಒಂದೊಂದು ಸಾಲೂ ಬೆರಳಿಟ್ಟು ಓದಿದರು. ಶಾನುಭೋಗರ ಮಗಳು ನೋಡಿ, ಒಂದು ಕಡೆ ಕೂಡಿಸಿದ್ದು ಸರಿಯಿದೆಯಾ ಅಂತ ಬಾಯಲ್ಲೇ ಲೆಕ್ಕ ಹಾಕಿದರು. "ಗೆದ್ದರೂ ಏನೂ ಬರಲ್ವಾ?" ಅಂತ ಇನ್ನೊಂದು ಸಲ ಕೇಳಿದರು. ಬರಲ್ಲ ಅಂದೆ. "ಹಾಗಾದ್ರೆ ಸರಿ," ಅಂದರು.

ಇಲ್ಲಿ ಒಂದು ಮಾತು, ಮನೇಲಿ ಮಕ್ಕಳಿರೋರಿಗೆ. ಈ ಥರದ ಆಟಗಳಲ್ಲಿ ಚಂದಾ ಬೇರೆ, ನಿಜ ದುಡ್ಡು ಕೊಟ್ಟು ಆಟದ ನಾಣ್ಯ ಕೊಳ್ಳೋದು ಬೇರೆ. ಹೊಸ ಕುದುರೆ, ಹೊಸ ಅಂಗಿ ಅಂತ ಮಕ್ಕಳ ಕೈ ಅಲ್ಲಿಗೇ ಹೋಗತ್ತೆ. ಕಾರ್ಡಿನ ನಂಬರನ್ನ ಅದರಲ್ಲಿ ಉಳಿಸಿಡಬೇಡಿ. ನಾನು ನಾಣ್ಯ ಕೊಳ್ಳಲ್ಲ. ನಮಗೆ ಗೌರಿ ಸಾಕು.

ಅತ್ತೆಗೆ ಈಗ 86. ಕಣ್ಣು ಮಂಜು, ಪರದೆ ಮೇಲಿನ ಕುದುರೆ ಸರಿಯಾಗಿ ಕಾಣಲ್ಲ, ಗೊರಸಿನ ಸದ್ದು ಕೇಳಿ, "ಇದು ಕುಕ್ಕುಲೋಟ," ಅಂತ ಸರಿಯಾಗಿ ಹೇಳ್ತಾರೆ. ಬೇಜಾರಾದಾಗ ಷೋಕೇಸಿನಿಂದ ಒಂದು ಕುದುರೆ ತೆಗೆಸಿಕೊಂಡು ತೊಡೆ ಮೇಲಿಟ್ಟು ಸವರ್ತಾರೆ. ಅವರ ದೂರು ಒಂದೇ: ಇಷ್ಟು ಕುದುರೆಯಲ್ಲಿ ಒಂದೂ ತಟ್ಟು ಇಲ್ಲ, ಎಲ್ಲ ಉದ್ದ ಕಾಲಿನ ರೇಸಿನವೇ. ಅವರು ಹೇಳೋದೂ ನಿಜ. ಜರ್ಮನಿಯವರು ಅವರ ಕಡೆಯ ಗಿಡ್ಡ ಕುದುರೆ ಮಾಡ್ತಾರೆ, ಜೂಲು ಕಣ್ಣು ಮುಚ್ಚೋಷ್ಟು. ಮಾಗಡಿ ಶಾನುಭೋಗರ ತಟ್ಟು ಯಾರು ಮಾಡ್ತಾರೆ?

ಹೋದ ತಿಂಗಳು ಮೈಸೂರಿಗೆ ಹೋಗೋದಿತ್ತು. ಯಜಮಾನರಿಗೆ ಹೇಳಿ ಕಾರನ್ನ ಹಳೇ ರಸ್ತೆಗೇ ಬಿಡಿಸಿದೆ. 2023ರಲ್ಲಿ ಹೊಸ ಹೆದ್ದಾರಿ ಆದಾಗಿಂದ ಎಲ್ಲರೂ ಚನ್ನಪಟ್ಟಣದ ಹೊರಗಿಂದಲೇ ಹಾರಿಹೋಗ್ತಾರೆ. ಮುಂಚೆ ಕಾರು ನಿಲ್ಲಿಸೋಕೆ ಜಾಗ ಇರದ ಅಂಗಡಿ ಸಾಲಿನಲ್ಲಿ ಆವತ್ತು ನಾವೊಬ್ಬರೇ ಗಿರಾಕಿಗಳು. ಒಬ್ಬ ವಯಸ್ಸಾದ ಕುಶಲಕರ್ಮಿಗೆ ಅತ್ತೆ ಹೇಳಿದ್ದನ್ನೆಲ್ಲ ಬಿಡಿಸಿ ಹೇಳಿದೆ. ಕಾಲು ಗಿಡ್ಡ, ಹೊಟ್ಟೆ ದಪ್ಪ, ಕಂದು ಬಣ್ಣ. ಅವರು, "ತಿರುಗಣೇಲಿ ಹೊಟ್ಟೆ ದಪ್ಪ ಮಾಡೋದೇನು ಕಷ್ಟ ತಾಯಿ, ಸುಳಿ ಮಾತ್ರ ಹೇಗೆ ಅಂತ ನೋಡ್ಬೇಕು," ಅಂತ ತಲೆ ಕೆರೆದುಕೊಂಡರು. ಹದಿನೈದು ದಿನಕ್ಕೆ ಬಸ್ಸಿನಲ್ಲಿ ಹೋಗಿ ತಂದೆ. ಹಣೆ ಮೇಲೆ ಉಳಿಯ ತುದಿಯಿಂದ ಪುಟ್ಟ ಸುತ್ತು ಕೊರೆದು ಬಿಳೀ ಅರಗು ತುಂಬಿದ್ದಾರೆ. ಅತ್ತೆ ಹೆಬ್ಬೆರಳಲ್ಲಿ ಅದನ್ನೇ ಹುಡುಕಿ ಹುಡುಕಿ ಮುಟ್ಟಿ ನೋಡಿದರು. ಕಿವಿ ಸ್ವಲ್ಪ ದೊಡ್ಡದಾಯ್ತು ಅಂದರು. ಹೊಟ್ಟೆ ಸರಿಯಿದೆಯಂತೆ.

ಇದೇ 41ನೇದು. ಜೀನು ಕಂಬಳಿ ಚೂರಿನಲ್ಲಿ ಹೊಲಿದಿದ್ದೀನಿ, ಅವರಪ್ಪ ಹಾಕ್ತಿದ್ದಿದ್ದು ಕಂಬಳಿಯೇ ಅಂತೆ. ಲಗಾಮ್ ಒಂದು ಬಾಕಿ. ಕುಚ್ಚಿಗೆ ತಂದ ರೇಷ್ಮೆ ದಾರ ಏಳೆಂಟು ಬಣ್ಣದ್ದಿದೆ, ಯಾವ ಬಣ್ಣ ಇತ್ತು ಅತ್ತೆ ಅಂತ ಕೇಳಿದ್ದೀನಿ. ಯೋಚನೆ ಮಾಡಿ ಹೇಳ್ತೀನಿ ಅಂದಿದ್ದಾರೆ.